ಜಲವರ್ಣದ ಜತೆಗೆ ಇತರ ಮಾಧ್ಯಮಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಜಲವರ್ಣದ ಕಾಗದದ ಮೇಲೆ ಶಾಯಿ, ಮೇಣ, ಗ್ವಾಶ್ (ಕೆಳಗಿನದನ್ನು ಮುಚ್ಚುವ ಅಪಾರದರ್ಶಕ ಜಲವರ್ಣ), ಪ್ಯಾಸ್ಟೆಲ್, ಆಕ್ರಿಲಿಕ್, ಅಂಟಿಸಿದ ಕಾಗದ ಎಲ್ಲಕ್ಕೂ ಜಾಗವಿದೆ. ಆದರೆ ಯಾವುದನ್ನು ಯಾವಾಗ ತರಬೇಕು ಎಂಬುದಕ್ಕೆ ಒಂದು ಕ್ರಮವಿದೆ. ಸಮನಾಗಿ ವಾಶ್ (ನೀರಾದ ಬಣ್ಣದ ತೆಳು ಪದರ) ಹಾಕುವುದು, ಹಸಿಯ ಮೇಲೆ ಹಸಿ ಬಣ್ಣ ಬಿಡುವುದು, ಕುಂಚದಲ್ಲಿ ಎಷ್ಟು ನೀರಿದೆ ಎಂದು ಅರಿಯುವುದು ಇತ್ಯಾದಿ ಮೂಲ ಅಭ್ಯಾಸ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ.

ಬೇರೆ ಸಾಮಗ್ರಿ ಸೇರಿಸಿದರೆ ಜಲವರ್ಣದ ಶುದ್ಧತೆ ಕೆಡುವುದಿಲ್ಲವೇ?

ಪಾರದರ್ಶಕ ಬಣ್ಣದ ಹೊರತು ಬೇರೇನೂ ಇರಬಾರದೆಂಬ ನಿಯಮಕ್ಕಿಂತ ಮಿಶ್ರಣದ ಪರಂಪರೆ ಬಹಳ ಹಳೆಯದು. ಆಲ್ಬ್ರೆಕ್ಟ್ ಡ್ಯೂರರ್ 1502ರಲ್ಲಿ ಚಿತ್ರಿಸಿದ, ಈಗ ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿರುವ ಮೊಲದ ಚಿತ್ರದಲ್ಲಿ ತೆಳುವಾದ ಜಲವರ್ಣದ ಮೇಲೆ ಅಪಾರದರ್ಶಕ ಬಣ್ಣದ ಎಳೆಗಳೂ ಬಿಳಿಯ ಸ್ಪರ್ಶಗಳೂ ಇವೆ. ಆ ತುಪ್ಪಳದ ಒಂದೊಂದು ಕೂದಲೂ ಎದ್ದು ಕಾಣುವುದಕ್ಕೆ ಅದೇ ಕಾರಣ. ಇಂಗ್ಲಿಷ್ ಚಿತ್ರಕಾರ ಟರ್ನರ್ 1818ರಲ್ಲಿ ಯಾರ್ಕ್‌ಷೈರ್‌ನ ಫಾರ್ನ್ಲಿ ಹಾಲ್‌ನಲ್ಲಿ ಒಂದೇ ಬೆಳಗ್ಗೆ ಯುದ್ಧನೌಕೆಯೊಂದರ ಚಿತ್ರ ಮುಗಿಸಿದಾಗ, ಒದ್ದೆಯಾದ ಕಾಗದವನ್ನು ಉಗುರಿನಿಂದ ಕೆರೆದು ಬೆಳಕು ತೆಗೆದುದನ್ನು ಕಂಡವರು ಹೇಳಿದ್ದಾರೆ. ನಮ್ಮ ಮೈಸೂರು ಶೈಲಿಯ ಚಿತ್ರಗಳನ್ನೇ ನೋಡಿದರೂ ನೀರಿನಲ್ಲಿ ಕಲಸಿದ ಬಣ್ಣ, ಉಬ್ಬು ಕೆಲಸದ ಲೇಪ, ಚಿನ್ನದ ರೇಕು ಮೂರೂ ಒಂದೇ ಮೇಲ್ಮೈಯಲ್ಲಿ ಸೇರಿವೆ.

ನನ್ನ ನಿಲುವು ಇಷ್ಟು: ಜಲವರ್ಣಕ್ಕೆ ಆಗದ ಕೆಲಸವೊಂದು ಎದುರಾದಾಗ ಮಾತ್ರ ಎರಡನೆಯ ಸಾಮಗ್ರಿಯನ್ನು ಕರೆಯಬೇಕು. ಕಾಗದದ ಬಿಳುಪು ತೆಳುವಾದ ಬಣ್ಣದೊಳಗಿನಿಂದ ಹೊಮ್ಮುವುದೇ ಜಲವರ್ಣದ ಪ್ರಾಣ. ಅದನ್ನು ಪೂರ್ತಿ ಮುಚ್ಚಿಹಾಕುವ ಮಿಶ್ರಣ ಒಳ್ಳೆಯ ಚಿತ್ರವಾಗಬಹುದಾದರೂ ಅಲ್ಲಿ ಜಲವರ್ಣದ ಅಗತ್ಯವೇ ಇರಲಿಲ್ಲ.

ಯಾವ ಸಾಮಗ್ರಿ ಮೊದಲು, ಯಾವುದು ನಂತರ?

ಪ್ರತಿಯೊಂದು ಸಾಮಗ್ರಿಯ ಬಗ್ಗೆಯೂ ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಒಣಗಿದ ಮೇಲೆ ಇದು ಮತ್ತೆ ನೀರಿಗೆ ಕರಗುತ್ತದೆಯೇ? ಜಲವರ್ಣದಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವುದು ಗಮ್ ಅರೇಬಿಕ್ ಎಂಬ, ಜಾಲಿಯ ಜಾತಿಯ ಮರದಿಂದ ಬರುವ ಅಂಟು. ಅದು ಎಷ್ಟು ದಿನ ಒಣಗಿದರೂ ನೀರು ತಾಗಿದರೆ ಕರಗುತ್ತದೆ. ಗ್ವಾಶ್, ಪೋಸ್ಟರ್ ಕಲರ್, ಸಾಮಾನ್ಯ ವಾಟರ್‌ಕಲರ್ ಪೆನ್ಸಿಲ್ ಇವೂ ಹಾಗೆಯೇ. ಆಕ್ರಿಲಿಕ್, ಅರಗು ಬೆರೆತ ಇಂಡಿಯನ್ ಇಂಕ್, ಪಿಗ್ಮೆಂಟ್ (ನೀರಿಗೆ ಕರಗದ ಬಣ್ಣದ ಪುಡಿ) ಶಾಯಿಯ ಪೆನ್ನುಗಳು ಒಮ್ಮೆ ಒಣಗಿದರೆ ಮತ್ತೆ ಕರಗುವುದಿಲ್ಲ. ಮೇಣ ಮತ್ತು ಆಯಿಲ್ ಪ್ಯಾಸ್ಟೆಲ್ ನೀರನ್ನು ಹತ್ತಿರ ಸೇರಿಸುವುದೇ ಇಲ್ಲ. ಇದ್ದಿಲು, ಸಾಫ್ಟ್ ಪ್ಯಾಸ್ಟೆಲ್ ಇವು ಕಾಗದದ ಒರಟಿನಲ್ಲಿ ಸಿಕ್ಕಿಕೊಂಡು ನಿಂತ ಪುಡಿ ಮಾತ್ರ.

ಕ್ರಮ ಇದರಿಂದಲೇ ತಿಳಿಯುತ್ತದೆ. ಕರಗದ ಶಾಯಿಯ ರೇಖೆ ಜಲವರ್ಣದ ಕೆಳಗೂ ಇರಬಹುದು, ಮೇಲೂ ಇರಬಹುದು. ಮೇಣ ತಡೆಯಾಗಿ ಕೆಲಸ ಮಾಡಬೇಕಾದರೆ ಬಣ್ಣಕ್ಕಿಂತ ಮೊದಲೇ ಬರಬೇಕು. ಗ್ವಾಶ್ ಜಲವರ್ಣದ ನಂತರ ಬರಬೇಕು, ಒಮ್ಮೆ ಇಟ್ಟ ಮೇಲೆ ಅದನ್ನು ಮತ್ತೆ ಉಜ್ಜಬಾರದು. ಪ್ಯಾಸ್ಟೆಲ್ ಎಲ್ಲಕ್ಕಿಂತ ಕೊನೆಗೆ, ಕಾಗದ ಪೂರ್ತಿ ಒಣಗಿದ ಮೇಲೆ. ಆಯಿಲ್ ಪ್ಯಾಸ್ಟೆಲ್ ಇರುವ ಜಾಗದ ಮೇಲೆ ಆಕ್ರಿಲಿಕ್ ಹಾಕಬಾರದು, ಏಕೆಂದರೆ ಎಂದೂ ಪೂರ್ತಿ ಗಟ್ಟಿಯಾಗದ ಎಣ್ಣೆ ಮತ್ತು ಮೇಣದ ಪದರದ ಮೇಲೆ ಆಕ್ರಿಲಿಕ್ ಹಿಡಿದು ನಿಲ್ಲದೆ ಸುಲಿದು ಬರುತ್ತದೆ.

ಎಂಥ ಕಾಗದ ಬೇಕು?

ಖರ್ಚು ಮಾಡಬೇಕಾದ್ದು ಮೊದಲು ಕಾಗದದ ಮೇಲೆ. ಸಾಧಾರಣ ಬಣ್ಣ ಒಳ್ಳೆಯ ಕಾಗದದ ಮೇಲೆ ಗೆಲ್ಲುತ್ತದೆ, ಉತ್ತಮ ಬಣ್ಣ ಕೆಟ್ಟ ಕಾಗದದ ಮೇಲೆ ಸೋಲುತ್ತದೆ. ಮಿಶ್ರ ಮಾಧ್ಯಮದಲ್ಲಿ ಕಾಗದ ಪದೇ ಪದೇ ಒದ್ದೆಯಾಗುತ್ತದೆ, ಕೆರೆತ, ಉಜ್ಜು, ಅಂಟು ಎಲ್ಲವನ್ನೂ ತಾಳಬೇಕಾಗುತ್ತದೆ. ಆದ್ದರಿಂದ 300 ಜಿಎಸ್‌ಎಂಗಿಂತ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಅಳತೆ) ಕಡಿಮೆ ತೂಕದ ಕಾಗದ ಬೇಡ. 300 ಜಿಎಸ್‌ಎಂ ಕಾಗದವೂ ಧಾರಾಳ ನೀರಿಗೆ ಉಬ್ಬುತ್ತದೆ; ಅದನ್ನು ನೆನೆಸಿ, ಹಲಗೆಯ ಮೇಲೆ ಗಮ್ ಟೇಪಿನಿಂದ ನಾಲ್ಕೂ ಅಂಚು ಅಂಟಿಸಿ ಒಣಗಿಸಿದರೆ ಡೋಲಿನ ಚರ್ಮದಂತೆ ಬಿಗಿಯಾಗುತ್ತದೆ. 640 ಜಿಎಸ್‌ಎಂ ಕಾಗದಕ್ಕೆ ಸಾಮಾನ್ಯವಾಗಿ ಈ ಶ್ರಮ ಬೇಕಿಲ್ಲ.

ತೂಕದಷ್ಟೇ ಮುಖ್ಯವಾದುದು ಸೈಜಿಂಗ್, ಅಂದರೆ ನೀರು ಒಮ್ಮೆಗೇ ಒಳಗಿಳಿಯದಂತೆ ಕಾಗದಕ್ಕೆ ಕೊಟ್ಟ ಅಂಟಿನ ಸಂಸ್ಕಾರ. ಫ್ರಾನ್ಸಿನ ಆರ್ಶ್ ಕಾಗದಕ್ಕೆ ಜೆಲಟಿನ್ ಕೊಟ್ಟಿರುವುದರಿಂದಲೇ ಅದರ ಮೇಲೆ ಬಣ್ಣವನ್ನು ಎತ್ತಿ ತೆಗೆಯುವುದೂ ಬ್ಲೇಡಿನಿಂದ ಕೆರೆಯುವುದೂ ಸಾಧ್ಯ. ಹುಬ್ಬಳ್ಳಿಯ ಸಮೀಪದ ತಾರಿಹಾಳದಲ್ಲಿ ಹತ್ತಿ ಬಟ್ಟೆಯ ಚಿಂದಿಯಿಂದ ಕೈಯಲ್ಲೇ ತಯಾರಾಗುವ ಖಾದಿ ಕಾಗದವನ್ನು ಹೊರದೇಶಗಳ ಕಲಾವಿದರೂ ಬಳಸುತ್ತಾರೆ. ಅದರ ಒರಟು ಮೈ, ಹರಿದಂತಿರುವ ಅಂಚು, ಉದ್ದನೆಯ ಹತ್ತಿಯ ನಾರು ಇವೆಲ್ಲ ಪ್ಯಾಸ್ಟೆಲ್, ಮೇಣ, ಕೊಲಾಜ್‌ಗಳಿಗೆ (ಕಾಗದದ ತುಂಡು ಅಂಟಿಸುವ ಕೆಲಸ) ಬಹಳ ಒಪ್ಪುತ್ತವೆ. ಸೂಕ್ಷ್ಮವಾದ ಪೆನ್ನಿನ ಗೆರೆಗೆ ಮಾತ್ರ ಅದು ತಕ್ಕುದಲ್ಲ. ಅದಕ್ಕೆ ನುಣುಪಾದ ಹಾಟ್ ಪ್ರೆಸ್ ಕಾಗದವೇ ಬೇಕು. ಶಾಯಿ, ಗ್ವಾಶ್, ಪ್ಯಾಸ್ಟೆಲ್ ಎಲ್ಲವನ್ನೂ ಪ್ರಯತ್ನಿಸಬೇಕೆನ್ನುವವರು ಮಧ್ಯಮ ಒರಟಿನ ಕೋಲ್ಡ್ ಪ್ರೆಸ್ ತೆಗೆದುಕೊಳ್ಳಲಿ. ಸ್ಟೇಷನರಿ ಅಂಗಡಿಯ ಡ್ರಾಯಿಂಗ್ ಶೀಟ್ ಎರಡನೆಯ ವಾಶ್‌ಗೇ ನಾರು ಬಿಡುವುದರಿಂದ, ಅದರ ಮೇಲೆ ಕಂಡ ಸೋಲನ್ನು ಯಾರೂ ತಮ್ಮ ಕೈಯ ಸೋಲೆಂದು ತಿಳಿಯಬಾರದು.

ಪೆನ್ನಿನ ಗೆರೆ ಬಣ್ಣ ತಾಗಿದೊಡನೆ ಹರಡುತ್ತದೆ, ಏನು ಮಾಡಬೇಕು?

ಸಾಮಾನ್ಯ ಫೌಂಟನ್ ಪೆನ್ ಶಾಯಿ ನೀರಿನಲ್ಲಿ ಕರಗುವ ಡೈ ಆಗಿರುವುದರಿಂದ ಅದು ಹರಡಲೇಬೇಕು. ಗೆರೆ ನಿಲ್ಲಬೇಕಾದರೆ ಪಿಗ್ಮಾ ಮೈಕ್ರಾನ್‌ನಂಥ ಪಿಗ್ಮೆಂಟ್ ಶಾಯಿಯ ಪೆನ್ನು ಬಳಸಬೇಕು, ಇಲ್ಲವೇ ನಿಬ್ಬನ್ನು ವಾಟರ್‌ಪ್ರೂಫ್ ಇಂಡಿಯನ್ ಇಂಕಿನಲ್ಲಿ ಅದ್ದಿ ಬರೆಯಬೇಕು. ಅರಗು ಇರುವ ಇಂಡಿಯನ್ ಇಂಕನ್ನು ಫೌಂಟನ್ ಪೆನ್ನಿಗೆ ಎಂದಿಗೂ ತುಂಬಬಾರದು, ಅದು ಒಳಗೇ ಗಟ್ಟಿಯಾಗಿ ಪೆನ್ನನ್ನು ಹಾಳುಮಾಡುತ್ತದೆ. ಪೆನ್ನು ಯಾವುದಾದರೂ ಅದೇ ಕಾಗದದ ತುಂಡೊಂದರ ಮೇಲೆ ಗೆರೆ ಎಳೆದು, ಒಣಗಿಸಿ, ಒದ್ದೆ ಕುಂಚ ಆಡಿಸಿ ನೋಡಿದ ನಂತರವೇ ಚಿತ್ರಕ್ಕೆ ಕೈಹಾಕುವುದು ಒಳಿತು.

ಕರಗುವ ಶಾಯಿಯನ್ನು ಬೇಕೆಂದೇ ಬಳಸುವುದೂ ಒಂದು ಸೊಗಸಾದ ತಂತ್ರ. ಗೆರೆ ಎಳೆದು ನೆರಳಿನ ಬದಿಯಲ್ಲಿ ಮಾತ್ರ ಒದ್ದೆ ಕುಂಚ ತಾಗಿಸಿದರೆ ಗೆರೆಯೇ ನೆರಳಾಗಿ ಇಳಿಯುತ್ತದೆ. ಆದರೆ ಅಂಥ ಶಾಯಿಗಳಲ್ಲಿ ಹಲವು ಬೆಳಕಿಗೆ ಮಾಸುತ್ತವೆಯಾದ್ದರಿಂದ ಇದನ್ನು ಸ್ಕೆಚ್ ಪುಸ್ತಕಕ್ಕೆ ಮೀಸಲಿಡಬೇಕು.

ಮೊದಲು ಗೆರೆಯೋ ಬಣ್ಣವೋ ಎಂಬ ಪ್ರಶ್ನೆಯೂ ಇದರ ಜತೆಗೇ ಬರುತ್ತದೆ. ಗೆರೆ ಮೊದಲಾದರೆ ಬಣ್ಣ ಗೆರೆಯೊಳಗೆ ತುಂಬುವ ಕೆಲಸಕ್ಕೆ ಇಳಿಯುವ ಅಪಾಯವಿದೆ. ಬಣ್ಣವನ್ನು ಸ್ವತಂತ್ರವಾಗಿ ಹರಿಯಬಿಟ್ಟು, ಒಣಗಿದ ಮೇಲೆ ಬೇಕಾದ ಕಡೆ ಮಾತ್ರ ನಾಲ್ಕು ಗೆರೆ ಎಳೆಯುವುದು ನನಗೆ ಹೆಚ್ಚು ಇಷ್ಟವಾದ ದಾರಿ.

ಕಳೆದುಹೋದ ಬಿಳಿಯನ್ನು ಮರಳಿ ತರುವುದು ಹೇಗೆ?

ವಿನ್ಸರ್ ಆ್ಯಂಡ್ ನ್ಯೂಟನ್ ಸಂಸ್ಥೆ 1834ರಲ್ಲಿ ಚೈನೀಸ್ ವೈಟ್ ಎಂಬ ಹೆಸರಿನಿಂದ ಸತುವಿನ ಬಿಳಿಯನ್ನು ಮಾರುಕಟ್ಟೆಗೆ ತಂದಂದಿನಿಂದ ಜಲವರ್ಣಕಾರರ ಕೈಗೆ ಅದು ಸುಲಭವಾಗಿ ಸಿಗುತ್ತಿದೆ. ಆದರೆ ಅದು ಅರೆಪಾರದರ್ಶಕ. ಹಸಿಯಾಗಿರುವಾಗ ಕಂಡಷ್ಟು ಬಿಳುಪು ಒಣಗಿದಾಗ ಉಳಿಯುವುದಿಲ್ಲ. ಕಣ್ಣಿನ ಹೊಳಪು, ನೀರಿನ ಮಿನುಗು, ದೂರದ ತಂತಿಯಂಥ ಸಣ್ಣ ಜಾಗಗಳಿಗೆ ಟೈಟೇನಿಯಂ ವೈಟ್ ಗ್ವಾಶ್ ಹೆಚ್ಚು ಸಮರ್ಥ. ಅದನ್ನು ಕೆನೆಯಷ್ಟು ಗಟ್ಟಿಯಾಗಿ ಕಲಸಿ, ಒಂದೇ ಸ್ಪರ್ಶದಲ್ಲಿ ಇಟ್ಟು ಕುಂಚ ಎತ್ತಬೇಕು. ಎರಡನೆಯ ಸಲ ಅಲ್ಲೇ ಕುಂಚ ಆಡಿಸಿದರೆ ಕೆಳಗಿನ ಬಣ್ಣ ಕರಗಿ ಬಿಳಿಯೊಳಗೆ ಬೆರೆತು ಬೂದಿಯಾಗುತ್ತದೆ.

ಗ್ವಾಶ್‌ನ ಬಿಳಿಯನ್ನು ನೆರಳಿನ ಬಣ್ಣಕ್ಕೆ ಬೆರೆಸುವುದನ್ನು ಮಾತ್ರ ತಪ್ಪಿಸಿ. ನೆರಳು ಪಾರದರ್ಶಕವಾಗಿದ್ದು ಬೆಳಕು ದಪ್ಪವಾಗಿದ್ದಾಗ ಎರಡೂ ಒಂದನ್ನೊಂದು ಎತ್ತಿ ಹಿಡಿಯುತ್ತವೆ. ನೆರಳೇ ಸುಣ್ಣದ ಹಾಗಾದರೆ ಚಿತ್ರದಲ್ಲಿ ಆಳ ಉಳಿಯುವುದಿಲ್ಲ.

ಮೇಣ ಮತ್ತು ಆಯಿಲ್ ಪ್ಯಾಸ್ಟೆಲ್‌ನ ತಡೆಯನ್ನು ಹೇಗೆ ಬಳಸುವುದು?

ಮಲೆನಾಡಿನ ಮನೆಯೊಂದರ ಹಂಚಿನ ಮಾಡನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸಾವಿರಾರು ಹಂಚುಗಳನ್ನು ಒಂದೊಂದಾಗಿ ಬಿಡಿಸಹೊರಟರೆ ಮಾಡು ಲೆಕ್ಕದ ಪುಸ್ತಕವಾಗುತ್ತದೆ. ಅದರ ಬದಲು ಒರಟು ಕಾಗದ ತೆಗೆದುಕೊಂಡು, ಬಿಳಿ ಮೇಣದ ಬತ್ತಿಯನ್ನು ಅಡ್ಡವಾಗಿ ಹಿಡಿದು, ಮಾಡಿನ ಇಳಿಜಾರಿನ ದಿಕ್ಕಿನಲ್ಲೇ ಹಗುರವಾಗಿ ಎಳೆಯಿರಿ. ಮೇಣ ಕಾಗದದ ಉಬ್ಬುಗಳಿಗೆ ಮಾತ್ರ ತಾಗುತ್ತದೆ, ತಗ್ಗುಗಳಿಗೆ ಇಳಿಯುವುದಿಲ್ಲ. ಇದರ ಮೇಲೆ ರಾ ಸಿಯೆನ್ನಾಕ್ಕೆ ತುಸು ಲೈಟ್ ರೆಡ್ ಬೆರೆಸಿದ ತೆಳು ವಾಶ್ ಹಾಕಿದಾಗ, ಮೇಣ ತಾಗಿದ ಕಡೆ ಬಣ್ಣ ಹನಿಹನಿಯಾಗಿ ಸರಿದು ಬಿಸಿಲು ಬಿದ್ದ ಹಂಚಿನ ಅಂಚುಗಳು ಬಿಳಿಯಾಗಿ ಉಳಿಯುತ್ತವೆ. ಪೂರ್ತಿ ಒಣಗಿದ ಮೇಲೆ ಮತ್ತೊಮ್ಮೆ ಮೇಣ ಎಳೆಯಿರಿ. ಈ ಸಲ ಅದು ಕಾಪಾಡುವುದು ಬಿಳಿಯನ್ನಲ್ಲ, ಮೊದಲ ವಾಶ್‌ನ ನಸುಗೆಂಪನ್ನು. ಬರ್ಂಟ್ ಸಿಯೆನ್ನಾಕ್ಕೆ ಅಲ್ಟ್ರಾಮರೀನ್ ಬೆರೆಸಿದ ಎರಡನೆಯ ವಾಶ್, ಮಳೆಗೆ ಕಪ್ಪಿಟ್ಟ ಹಂಚಿನ ಬಣ್ಣವನ್ನು ತರುತ್ತದೆ. ಅಲ್ಟ್ರಾಮರೀನ್‌ನ ಕಣಗಳು ಕಾಗದದ ತಗ್ಗಿನಲ್ಲಿ ಕೂರುವ ಗುಣದವಾದ್ದರಿಂದ ಹಳೆಯ ಹಂಚಿನ ಒರಟುತನ ತಾನಾಗಿಯೇ ಮೂಡುತ್ತದೆ. ಕೊನೆಗೆ ಪಾಚಿಗೆ ಅಲ್ಲೊಂದು ಇಲ್ಲೊಂದು ಹಸಿರು ಗ್ವಾಶ್‌ನ ಚುಕ್ಕೆ, ಮಾಡಿನ ಕೆಳಅಂಚಿಗೆ ಒಂದು ತುಂಡು ಶಾಯಿಯ ಗೆರೆ ಸಾಕು.

ಮೇಣವನ್ನು ಮರಳಿ ತೆಗೆಯಲಾಗದು ಎಂಬುದು ನೆನಪಿರಲಿ. ಬಣ್ಣದ ಆಯಿಲ್ ಪ್ಯಾಸ್ಟೆಲ್ ಬಳಸಿದರೆ ತಡೆಯೂ ಬಣ್ಣವೂ ಒಟ್ಟಿಗೇ ಸಿಗುತ್ತವೆ. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯ ಕಾಲದಲ್ಲಿ ಲಂಡನ್ನಿನ ಸುರಂಗ ರೈಲು ನಿಲ್ದಾಣಗಳಲ್ಲಿ ಆಶ್ರಯ ಪಡೆದ ಜನರನ್ನು ಚಿತ್ರಿಸಿದ ಶಿಲ್ಪಿ ಹೆನ್ರಿ ಮೂರ್, ಮೇಣದ ಬಳಪದ ಮೇಲೆ ಕಡುವಾದ ಜಲವರ್ಣ ಹರಿಸಿ, ಮೇಲೆ ಶಾಯಿಯ ಗೆರೆ ಎಳೆದರು. ಕತ್ತಲೆಯೊಳಗಿಂದ ಮಲಗಿದ ದೇಹಗಳು ಶಿಲ್ಪದಂತೆ ಎದ್ದುಬರುವ ಆ ಚಿತ್ರಗಳಿಗಿಂತ ಒಳ್ಳೆಯ ಪಾಠ ಈ ತಂತ್ರಕ್ಕೆ ಇನ್ನೊಂದಿಲ್ಲ.

ಮಾಸ್ಕಿಂಗ್ ಫ್ಲೂಯಿಡ್ ತೆಗೆಯುವಾಗ ಕಾಗದ ಹರಿಯುತ್ತದೆ, ಏಕೆ?

ಬಿಳಿಯಾಗಿ ಉಳಿಯಬೇಕಾದ ಜಾಗಕ್ಕೆ ಬಣ್ಣ ತಾಗದಂತೆ ಬಳಿಯುವ ಇದು ಅಮೋನಿಯಾ ಬೆರೆಸಿದ ರಬ್ಬರಿನ ಹಾಲು. ಒದ್ದೆ ಕಾಗದದ ಮೇಲೆ ಹಾಕಿದರೆ ನಾರಿನೊಳಗೆ ಇಳಿಯುತ್ತದೆ, ಬಿಸಿಲಿಗೋ ಹೇರ್ ಡ್ರೈಯರಿಗೋ ಒಡ್ಡಿದರೆ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ, ದಿನಗಟ್ಟಲೆ ಬಿಟ್ಟರೆ ಕಲೆಯನ್ನೂ ಉಳಿಸುತ್ತದೆ. ಕಲಬುರಗಿ, ಬಳ್ಳಾರಿಯ ಬೇಸಿಗೆಯಲ್ಲಿ ಕೆಲಸ ಮಾಡುವವರು ಹಾಕಿದ ದಿನವೇ ತೆಗೆದುಬಿಡಬೇಕು. ಸೈಜಿಂಗ್ ಕಡಿಮೆಯಿರುವ ಕೈ ಕಾಗದಕ್ಕೆ ಇದನ್ನು ಬಳಸದಿರುವುದೇ ಕ್ಷೇಮ. ಒಳ್ಳೆಯ ಕುಂಚವನ್ನು ಇದರಲ್ಲಿ ಅದ್ದಬಾರದು. ಹಳೆಯ ಕುಂಚವನ್ನೂ ಮೊದಲು ಸೋಪಿನ ಮೇಲೆ ಉಜ್ಜಿಕೊಂಡು ಅದ್ದಿದರೆ ರಬ್ಬರು ಕೂದಲಿಗೆ ಅಂಟುವುದಿಲ್ಲ. ತೆಗೆದ ಮೇಲೆ ಉಳಿಯುವ ಬಿಳಿಯ ಅಂಚು ಕತ್ತರಿಸಿದಂತೆ ಕಾಣುವುದರಿಂದ, ಒದ್ದೆ ಕುಂಚದಿಂದ ಆ ಅಂಚನ್ನು ಅಲ್ಲಲ್ಲಿ ಮೆದುಗೊಳಿಸಬೇಕು.

ಉಪ್ಪು, ಸ್ಪಿರಿಟ್, ಪ್ಲಾಸ್ಟಿಕ್ ಹಾಳೆಗಳಿಂದ ಬರುವ ವಿನ್ಯಾಸಗಳು?

ಉಪ್ಪಿಗೆ ಹೊತ್ತು ಮುಖ್ಯ. ವಾಶ್‌ನ ಹೊಳಪು ಇನ್ನೇನು ಆರುವ ಕ್ಷಣದಲ್ಲಿ ಉದುರಿಸಿದರೆ ಪ್ರತಿ ಹರಳೂ ಸುತ್ತಲಿನ ಬಣ್ಣದ ನೀರನ್ನು ಎಳೆದುಕೊಂಡು ಹೂವಿನಂಥ ಗುರುತು ಬಿಡುತ್ತದೆ. ಬೇಗ ಹಾಕಿದರೆ ಕರಗಿಹೋಗುತ್ತದೆ, ತಡವಾದರೆ ಏನೂ ಆಗುವುದಿಲ್ಲ. ಪುಡಿ ಉಪ್ಪು ಸಣ್ಣ ಗುರುತನ್ನೂ ಕಲ್ಲುಪ್ಪು ದೊಡ್ಡದನ್ನೂ ಕೊಡುತ್ತದೆ. ಒಣಗಿದ ಮೇಲೆ ಒಂದು ಕಣವೂ ಉಳಿಯದಂತೆ ಉಜ್ಜಿ ತೆಗೆಯಬೇಕು, ಏಕೆಂದರೆ ಉಳಿದ ಉಪ್ಪು ಗಾಳಿಯ ತೇವವನ್ನು ಹೀರುತ್ತದೆ. ಕರಾವಳಿಯಲ್ಲಿ ಇದು ಸಣ್ಣ ಸಂಗತಿಯಲ್ಲ. ಸ್ಪಿರಿಟ್‌ನ ಹನಿ ಹಸಿ ಬಣ್ಣವನ್ನು ದೂರ ತಳ್ಳಿ ಉಂಗುರ ಮಾಡುತ್ತದೆ. ಸುಕ್ಕುಗಟ್ಟಿದ ಪ್ಲಾಸ್ಟಿಕ್ ಹಾಳೆಯನ್ನು ಒದ್ದೆ ವಾಶ್‌ನ ಮೇಲೆ ಹಾಸಿ ಹಾಗೆಯೇ ಒಣಗಲು ಬಿಟ್ಟರೆ ಬಂಡೆಯ ಬಿರುಕಿನಂಥ ಗೆರೆಗಳು ಮೂಡುತ್ತವೆ. ಇವು ಒಂದು ಚಿತ್ರದಲ್ಲಿ ಒಂದು ಕಡೆ, ಅದೂ ವಸ್ತುವಿಗೆ ಬೇಕಾದಲ್ಲಿ ಮಾತ್ರ ಇರಲಿ.

ಆಕ್ರಿಲಿಕ್ ಮತ್ತು ಜಲವರ್ಣ ಒಟ್ಟಿಗೆ ನಡೆಯುತ್ತವೆಯೇ?

ನಡೆಯುತ್ತವೆ, ಆಕ್ರಿಲಿಕ್ ತೆಳುವಾಗಿದ್ದರೆ. ಧಾರಾಳ ನೀರು ಬೆರೆಸಿದ ಆಕ್ರಿಲಿಕ್ ಅಥವಾ ಆಕ್ರಿಲಿಕ್ ಶಾಯಿಯಿಂದ ಮೊದಲ ವಾಶ್ ಹಾಕಿದರೆ ಅದು ಒಣಗಿ ಸ್ಥಿರವಾಗುತ್ತದೆ. ಅದರ ಮೇಲೆ ಜಲವರ್ಣ ಹಾಕಿ, ಬೇಡವಾದಲ್ಲಿ ಒದ್ದೆ ಕುಂಚದಿಂದ ಎತ್ತಿದಾಗ ಕೆಳಗಿನ ಬಣ್ಣ ಸ್ವಲ್ಪವೂ ಕದಲದೆ ಬೆಳಗುತ್ತದೆ. ಜಲವರ್ಣವೊಂದರಿಂದಲೇ ಇದು ಸಾಧ್ಯವಾಗದು. ದಪ್ಪವಾದ, ಹೊಳಪಿನ ಆಕ್ರಿಲಿಕ್ ಪದರದ ಮೇಲೆ ಮಾತ್ರ ಜಲವರ್ಣ ನಿಲ್ಲದೆ ಹನಿಯಾಗಿ ಜಾರುತ್ತದೆ. ಆಕ್ರಿಲಿಕ್ ಬಳಸಿದ ಕುಂಚವನ್ನು ಕೂಡಲೇ ತೊಳೆಯಬೇಕು, ಜಲವರ್ಣದ ಕುಂಚಗಳನ್ನು ಅದಕ್ಕೆ ಕೊಡಲೇಬಾರದು.

ಕ್ಯಾನ್ವಾಸ್ ಅಥವಾ ಮರದ ಹಲಗೆಯ ಮೇಲೆ ಜಲವರ್ಣ ಮಾಡಬಯಸುವವರಿಗಾಗಿ ವಾಟರ್‌ಕಲರ್ ಗ್ರೌಂಡ್ ಎಂಬ ಹೀರುವ ಗುಣದ ಲೇಪ ದೊರೆಯುತ್ತದೆ. ಬಳಿದ ಮೇಲೆ ಕನಿಷ್ಠ 24 ಗಂಟೆ ಬಿಡಬೇಕು. ಕಾಗದದ ಮೇಲೆ ಕೆಟ್ಟುಹೋದ ಜಾಗವೊಂದನ್ನು ಮತ್ತೆ ಬಿಳಿ ಮಾಡಿಕೊಳ್ಳಲೂ ಇದು ಉಪಯುಕ್ತ.

ಇದ್ದಿಲು, ಪೆನ್ಸಿಲ್, ಸಾಫ್ಟ್ ಪ್ಯಾಸ್ಟೆಲ್?

ಪೆನ್ಸಿಲಿನ ಗೆರೆಯ ಮೇಲೆ ಜಲವರ್ಣ ಒಣಗಿದರೆ ಅದರಲ್ಲಿನ ಅಂಟು ಗೆರೆಯನ್ನೂ ಹಿಡಿದುಕೊಳ್ಳುವುದರಿಂದ ನಂತರ ಅಳಿಸುವುದು ಕಷ್ಟ. ಬೇಡದ ಗೆರೆಯನ್ನು ಮೊದಲೇ ತೆಗೆಯಬೇಕು. ಇದ್ದಿಲು ಕೆಳಗಿದ್ದರೆ ಹಳದಿಯಂಥ ತಿಳಿ ಬಣ್ಣಗಳು ಕೊಳೆಯಾಗುತ್ತವೆ, ಮಣ್ಣಿನ ಬಣ್ಣಗಳಾದರೆ ಚೆನ್ನಾಗಿ ಒಗ್ಗುತ್ತವೆ. ಪ್ಯಾಸ್ಟೆಲ್‌ನ ನಿಜವಾದ ಶಕ್ತಿ ಒಣಗಿದ ವಾಶ್‌ನ ಮೇಲೆ ಹಗುರವಾಗಿ ಎಳೆದಾಗ ಕಾಣುತ್ತದೆ. ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಗೆ ನೀಲಿ ಬೆರೆತ ತಂಪು ವಾಶ್ ಹಾಕಿ ಮೇಲೆ ಕಿತ್ತಳೆ ಪ್ಯಾಸ್ಟೆಲ್ ಸವರಿದರೆ, ಕಾಗದದ ತಗ್ಗುಗಳಲ್ಲಿ ತಂಪೂ ಉಬ್ಬುಗಳಲ್ಲಿ ಬಿಸಿಯೂ ಒಟ್ಟಿಗೇ ಕಂಡು ಬಂಡೆ ಸಂಜೆಬಿಸಿಲಿಗೆ ಕಾದಂತಾಗುತ್ತದೆ. ಪುಡಿ ಉದುರದಂತೆ ಹಿಡಿದಿಡುವ ಫಿಕ್ಸೆಟಿವ್ ದ್ರವವನ್ನು ಸಿಂಪಡಿಸಿದರೆ ಪ್ಯಾಸ್ಟೆಲ್ ತುಸು ಮಂಕಾಗುತ್ತದೆ. ಗಾಳಿಯಾಡುವ ಕಡೆ, ದೂರದಿಂದ, ತೆಳುವಾಗಿ ಸಿಂಪಡಿಸಬೇಕು.

ಬಂಗಾಳ ಶೈಲಿಯ ವಾಶ್ ಚಿತ್ರಗಳಲ್ಲಿ ಇವೆಲ್ಲ ಹೊಂದುತ್ತವೆಯೇ?

ಅವನೀಂದ್ರನಾಥ ಠಾಕೂರರು ಜಪಾನಿನ ಕಲಾವಿದರ ಒಡನಾಟದಿಂದ ಬೆಳೆಸಿಕೊಂಡ ಆ ಪದ್ಧತಿಯಲ್ಲಿ ಬಣ್ಣ ಹಾಕಿದ ಕಾಗದವನ್ನು ನೀರಿನಲ್ಲಿ ಅದ್ದಿ, ನಿಲ್ಲದ ಬಣ್ಣವನ್ನು ಕಳೆದು, ಮತ್ತೆ ಬಣ್ಣ ಹಾಕಿ, ಮತ್ತೆ ಅದ್ದುತ್ತಾರೆ. ಕೊನೆಯ ಹಂತಗಳಲ್ಲಿ ತೆಳುವಾದ ಅಪಾರದರ್ಶಕ ವಾಶ್ ಮಂಜಿನಂತೆ ಹರಡುತ್ತದೆ. ಗ್ವಾಶ್, ನೀರಿಗೆ ಕರಗದ ಶಾಯಿ ಎರಡೂ ಇಲ್ಲಿ ಸಲ್ಲುತ್ತವೆ. ಮೇಣವೂ ಪ್ಯಾಸ್ಟೆಲ್ಲೂ ಸಲ್ಲವು. ಅವನೀಂದ್ರನಾಥರ ಶಿಷ್ಯರಾಗಿದ್ದ ಮೈಸೂರಿನ ಕೆ. ವೆಂಕಟಪ್ಪನವರು ಊಟಿಯ ಭೂದೃಶ್ಯಗಳಲ್ಲಿ ಬೇರೆ ದಾರಿ ಹಿಡಿದು, ಜಲವರ್ಣವೊಂದರಿಂದಲೇ ಮಂಜು, ಬೆಟ್ಟ, ಬೆಳಕುಗಳನ್ನು ಸಾಧಿಸಿದರು. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯ ಸಂಗ್ರಹದಲ್ಲಿರುವ ಅವರ ಚಿತ್ರಗಳನ್ನು, ಎರಡನೆಯ ಸಾಮಗ್ರಿ ಎಲ್ಲಿ ಬೇಡ ಎಂದು ತಿಳಿಯುವುದಕ್ಕಾಗಿಯಾದರೂ ಪ್ರತಿಯೊಬ್ಬ ಜಲವರ್ಣಕಾರರೂ ನೋಡಬೇಕು.

ಕೊಲಾಜ್‌ಗೆ ಯಾವ ಅಂಟು, ಯಾವ ಕಾಗದ?

ಆಮ್ಲರಹಿತ ಪಿವಿಎ ಎಂಬ ಬಿಳಿ ಅಂಟು ಅಥವಾ ಆಕ್ರಿಲಿಕ್ ಮ್ಯಾಟ್ ಮೀಡಿಯಂ ಸೂಕ್ತ. ಮೈದಾ ಅಂಟಿಗೆ ಹುಳು ಬರುತ್ತದೆ. ಮ್ಯಾಟ್ ಮೀಡಿಯಂ ತಾಗಿದ ಜಾಗ ನೀರು ಹೀರುವುದಿಲ್ಲವಾದ್ದರಿಂದ ಅದನ್ನು ತುಂಡಿನ ಹಿಂಬದಿಗೆ ಮಾತ್ರ ಹಚ್ಚಬೇಕು. ಪತ್ರಿಕೆಯ ಕಾಗದ ಬೇಗ ಹಳದಿಯಾಗುತ್ತದೆ. ಹಳೆಯ ಜಲವರ್ಣದ ಪ್ರಯೋಗಗಳನ್ನೇ ಹರಿದು ಅಂಟಿಸುವುದು ಅದಕ್ಕಿಂತ ಬಹಳ ಮೇಲು, ಬಣ್ಣವೂ ಹೊಂದುತ್ತದೆ.

ಚಿತ್ರ ಮಾಸದಂತೆ, ಬೂಷ್ಟು ಹಿಡಿಯದಂತೆ ಕಾಪಾಡುವುದು ಹೇಗೆ?

ಮಿಶ್ರ ಮಾಧ್ಯಮದಲ್ಲಿ ಅತ್ಯಂತ ದುರ್ಬಲವಾದ ಸಾಮಗ್ರಿಯ ಆಯುಷ್ಯವೇ ಚಿತ್ರದ ಆಯುಷ್ಯ. ಅಲಿಜರಿನ್ ಕ್ರಿಮ್ಸನ್ ಎಂಬ ಕಡುಗೆಂಪಿನ ಹಳೆಯ ರೂಪವಾದ, ಪಿಆರ್ 83 ಎಂಬ ಪಿಗ್ಮೆಂಟ್ ಸಂಖ್ಯೆಯ ಬಣ್ಣ, ಹೊಳೆಯುವ ಓಪೆರಾ ಗುಲಾಬಿ, ಡೈ ಆಧಾರಿತ ದ್ರವ ಬಣ್ಣಗಳು, ಹೆಚ್ಚಿನ ಸ್ಕೆಚ್ ಪೆನ್ನುಗಳು ಬೆಳಕಿಗೆ ಮಾಸುತ್ತವೆ. ಟ್ಯೂಬಿನ ಮೇಲೆ ಬಣ್ಣದ ಹೆಸರಿಗಿಂತ ಪಿಗ್ಮೆಂಟ್ ಸಂಖ್ಯೆಯನ್ನು ಓದುವ ಅಭ್ಯಾಸ ಒಳ್ಳೆಯದು. ಅನುಮಾನವಿದ್ದರೆ ಬಣ್ಣದ ಪಟ್ಟಿಯೊಂದನ್ನು ಅರ್ಧ ಮುಚ್ಚಿ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ, ಕೆಲವು ತಿಂಗಳ ನಂತರ ಎರಡೂ ಭಾಗಗಳನ್ನು ಹೋಲಿಸಿ ನೋಡಿ.

ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ದೊಡ್ಡ ಶತ್ರು ತೇವ. ಜೆಲಟಿನ್ ಇರುವ ಕಾಗದಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ. ತೇವದಲ್ಲಿ ಬಹುಕಾಲ ಇಟ್ಟ ಬಳಸದ ಕಾಗದದ ಸೈಜಿಂಗ್ ಕೂಡ ಸತ್ತು, ವಾಶ್ ಹಾಕಿದಾಗ ಚುಕ್ಕೆ ಚುಕ್ಕೆಯಾಗಿ ಹೀರಿಕೊಳ್ಳುತ್ತದೆ. ಕಾಗದ, ಮುಗಿದ ಚಿತ್ರ ಎರಡನ್ನೂ ಗಾಳಿಯಾಡದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜತೆ ಇಡಬೇಕು. ಚೌಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ಆಮ್ಲರಹಿತ ಮೌಂಟ್ (ದಪ್ಪ ರಟ್ಟಿನ ಒಳಚೌಕಟ್ಟು) ಇರಬೇಕು. ಪ್ಯಾಸ್ಟೆಲ್ ಅಥವಾ ಆಯಿಲ್ ಪ್ಯಾಸ್ಟೆಲ್ ಇದ್ದರೆ ಈ ಅಂತರ ಇನ್ನೂ ಹೆಚ್ಚಿರಲಿ. ಮಳೆ ಹೊಡೆಯುವ ಹೊರಗೋಡೆಯ ಒಳಬದಿಗೆ ಚಿತ್ರ ತೂಗುಹಾಕಬೇಡಿ.

ಪ್ರದರ್ಶನಕ್ಕೆ ಕಳುಹಿಸುವಾಗ ಮಾಧ್ಯಮವನ್ನು ಹೇಗೆ ನಮೂದಿಸಬೇಕು?

‘ಮಿಶ್ರ ಮಾಧ್ಯಮ’ ಎಂದಷ್ಟೇ ಬರೆಯುವುದಕ್ಕಿಂತ ‘ಕಾಗದದ ಮೇಲೆ ಜಲವರ್ಣ, ಮೇಣ, ಗ್ವಾಶ್ ಮತ್ತು ಶಾಯಿ’ ಎಂದು ಬಿಡಿಸಿ ಬರೆಯುವುದು ಪ್ರಾಮಾಣಿಕವೂ ಉಪಯುಕ್ತವೂ ಹೌದು. ಜಲವರ್ಣ ವಿಭಾಗದಲ್ಲಿ ಅಪಾರದರ್ಶಕ ಬಿಳಿಗೆ, ಕೊಲಾಜ್‌ಗೆ ಅವಕಾಶವಿದೆಯೇ ಎಂಬುದು ಸ್ಪರ್ಧೆಯಿಂದ ಸ್ಪರ್ಧೆಗೆ ಬದಲಾಗುವುದರಿಂದ ನಿಯಮಾವಳಿಯನ್ನು ಮೊದಲೇ ಓದಬೇಕು. ಚಿತ್ರದ ಹಿಂಬದಿಯಲ್ಲಿ ಕಾಗದದ ಹೆಸರು, ತೂಕ, ಬಳಸಿದ ಪಿಗ್ಮೆಂಟ್‌ಗಳು, ಶಾಯಿ, ಅಂಟು, ಫಿಕ್ಸೆಟಿವ್ ಎಲ್ಲವನ್ನೂ ಪೆನ್ಸಿಲಿನಲ್ಲಿ ಒತ್ತದೆ ಬರೆದಿಡಿ. ಮುಂದೆ ಆ ಚಿತ್ರವನ್ನು ಯಾರಾದರೂ ಶುಚಿಗೊಳಿಸಬೇಕಾಗಿ ಬಂದಾಗ, ಎಲ್ಲಿ ನೀರು ತಾಗಿಸಬಹುದು, ಎಲ್ಲಿ ತಾಗಿಸಬಾರದು ಎಂದು ಅವರು ತಿಳಿಯುವುದು ಆ ಬರಹದಿಂದಲೇ.